ಆ ಕೊನೆಯ ಪುಟ ತೆಗೆದುಬಿಡು

ಹರಿಹರ
೧೮ ನವೆಂಬರ್ ೨೦೨೫

ಚಿ. ಸೌ. ವಾಣಿಗೆ ಅಮ್ಮನ ಆಶೀರ್ವಾದ.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆದು ಮುಂದೆ ಹೋಗುವುದು ಪದ್ಧತಿ. ಈ ಸಲ ಅದನ್ನು ಬಿಟ್ಟಿದ್ದೇನೆ. ಬಿ.ಪಿ. ಸರಿ ಇದೆ, ಮಂಡಿನೋವು ಹತೋಟಿಯಲ್ಲಿದೆ, ಸಿಟ್ಟು ಮಾತ್ರ ನೆತ್ತಿಗೇರಿದೆ. ನಿನ್ನ ಮೇಲೆಯೇ.

ದಾವಣಗೆರೆಯೇನು ದೂರದ ದೇಶವಲ್ಲ, ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ. ಆದರೂ ಪತ್ರ ಬರೆಯುತ್ತಿದ್ದೇನೆ. ಯಾಕೆಂದರೆ ಫೋನಿನಲ್ಲಿ ನಾನು ಬಾಯಿ ತೆರೆದರೆ ಸಾಕು, ನೀನು ಮಗಳಾಗಿದ್ದವಳು ಥಟ್ಟನೆ ಕಾಲೇಜಿನ ಮೇಡಂ ಆಗಿಬಿಡುತ್ತೀ. 'ಅಮ್ಮ, ಅದು ತಂತ್ರ. ಅಮ್ಮ, ಅದು ಸಂಕೇತ. ಅಮ್ಮ, ಕಥೆಯ ಸತ್ಯ ಬೇರೆ.' ಹೋದ ವಾರ ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಪಾಠ ಕೇಳಿಸಿಕೊಂಡು ಇಟ್ಟೆ. ಕಾಗದದಲ್ಲಾದರೆ ನಡುವೆ ಬಾಯಿ ಹಾಕಲು ನಿನಗೆ ಬರುವುದಿಲ್ಲ. ಪೂರ್ತಿ ಓದು.

ನನಗೆ ಬೇಕಾದದ್ದು ಒಂದೇ. ದೀಪಾವಳಿ ವಿಶೇಷಾಂಕದಲ್ಲಿ ಬಂದ ನಿನ್ನ 'ಟವೆಲ್ಲಿನ ಕೆಳಗೆ' ಕಥೆ ಈಗ ಪುಸ್ತಕಕ್ಕೂ ಸೇರುತ್ತಿದೆ, ತಿಂಗಳ ಕೊನೆಗೆ ಪ್ರೆಸ್ಸಿಗೆ ಹೋಗುತ್ತದೆ ಎಂದು ನೀನೇ ಹೇಳಿದೆ. ಹೋಗಲಿ. ಆದರೆ ಅದರ ಕೊನೆಯ ಪುಟ ಹಾಗೆಯೇ ಹೋಗಕೂಡದು. ಆ ಕೊನೆಯ ಪುಟ ತೆಗೆದುಬಿಡು, ಇಲ್ಲವೇ ನಡೆದದ್ದನ್ನು ನಡೆದ ಹಾಗೆ ಬರೆ. ಯಾಕೆ ಎನ್ನುವುದನ್ನು ಮುಂದೆ ಹೇಳುತ್ತೇನೆ. ಇದು ನನ್ನ ಮಾನದ ಪ್ರಶ್ನೆ ಎಂದುಕೊಳ್ಳಬೇಡ. ನನ್ನ ಮಾನ ನಾನು ನೋಡಿಕೊಳ್ಳುತ್ತೇನೆ.

ಮೊದಲು ಒಂದು ಮಾತು, ಇಲ್ಲದಿದ್ದರೆ ಅಮ್ಮನಿಗೆ ಕಥೆಯೇ ತಿಳಿಯುವುದಿಲ್ಲ ಎನ್ನುತ್ತೀ. ಕಥೆ ಚೆನ್ನಾಗಿದೆ. ಮಂಡಿಪೇಟೆಯ ಒಣಮೆಣಸಿನಕಾಯಿ ವ್ಯಾಪಾರಿಯೊಬ್ಬ ಊಟಕ್ಕೆ ಕೂತವನು, ತಟ್ಟೆಯ ಅಂಚಿಗೆ ಅಂಟಿದ ಸಾರನ್ನು ಬೆರಳಿನಿಂದ ಸವರಿ ತಟ್ಟೆ ತೊಳೆದಂತೆ ಮಾಡಿ, ಯಾರ ಮುಖವನ್ನೂ ನೋಡದೆ ಏಳುತ್ತಾನೆ ಎಂದು ಬರೆದಿದ್ದೀಯಲ್ಲ, ಅಲ್ಲಿ ನಾನು ಓದುವುದನ್ನು ನಿಲ್ಲಿಸಿ ಅತ್ತೆ. ತೀರಿಹೋದ ನಿನ್ನಪ್ಪನೇ ಬಂದು ಎದುರಿಗೆ ಕೂತಂತಾಯಿತು. ಅಲ್ಲಿ ನೀನು ಉಪಮೆ ಹಾಕಿಲ್ಲ, ಏನೂ ಹಾಕಿಲ್ಲ. ಕಣ್ಣಾರೆ ಕಂಡದ್ದನ್ನು ಇಟ್ಟಿದ್ದೀ. ಮನುಷ್ಯ ಹೇಗಿದ್ದ ಎನ್ನುವುದು ಆ ಒಂದು ಬೆರಳಿನಲ್ಲೇ ಗೊತ್ತಾಗುತ್ತದೆ.

ಆಮೇಲಿನದಕ್ಕೆ ನನ್ನ ತಕರಾರು.

ಕಥೆಯ ಹೆಂಡತಿ ಅಳುವುದೇ ಇಲ್ಲ. ಗಂಡನ ಅಂಗಡಿಗೆ ಬುತ್ತಿ ಕೊಡಲು ಹೋದಾಗ ಮೆಣಸಿನಕಾಯಿ ಘಾಟಿಗೆ ಅವಳ ಕಣ್ಣಲ್ಲಿ ನೀರು ಬರುತ್ತದೆ, ಅದು ಘಾಟಿನದೋ ದುಃಖದ್ದೋ ಎಂದು ಓದುಗರೇ ತಿಳಿಯಬೇಕು. ನಿನ್ನ ಸ್ನೇಹಿತೆಯರು ಇದನ್ನು ಬಹಳ ಮೆಚ್ಚಿದರಂತೆ. ಅಲ್ಲ ವಾಣಿ, ನಾನು ಯಾವತ್ತು ಘಾಟಿನ ಮರೆಯಲ್ಲಿ ಅತ್ತಿದ್ದೆ? ನಾನು ಅಡುಗೆಮನೆ ಬಾಗಿಲು ತೆರೆದಿಟ್ಟು, ನಡುಮನೆಯಲ್ಲಿ ಕೂತವರಿಗೆ ಕೇಳಲಿ ಎಂದೇ ಅಳುತ್ತಿದ್ದೆ. ನೀನು ಹೋಮ್‌ವರ್ಕ್ ಮಾಡುತ್ತಾ ಕೇಳಿದ್ದೀ. ಪಕ್ಕದ ಮನೆಯವರೂ ಕೇಳಿದ್ದಾರೆ. ಕೇಳದವರು ನಿನ್ನಪ್ಪ ಒಬ್ಬರೇ. ಅಂಥ ಗಂಟಲಿದ್ದ ಹೆಂಗಸನ್ನು ತೆಗೆದುಕೊಂಡು ಹೋಗಿ ಮೌನಗೌರಿ ಮಾಡಿಟ್ಟಿದ್ದೀ. ಅಳು ಕಂಡರೆ ಓದುಗರಿಗೆ ಬೇಜಾರಾಗುತ್ತದೆಯೇನು?

ಅವರು ತೀರಿಕೊಂಡ ದಿನ ನಿನ್ನ ಕಥೆಯಲ್ಲಿ ಮಳೆ ಬೇರೆ ಸುರಿಸಿದ್ದೀ. ಅವತ್ತು ದಾವಣಗೆರೆಯ ಏಪ್ರಿಲ್ ಬಿಸಿಲು, ನೆಲ ಕಾದ ಹಂಚಾಗಿತ್ತು. ಮಣ್ಣು ಮಾಡಿ ಬಂದವರೆಲ್ಲ ನೀರು ಕೇಳಿದರು. ಇರಲಿ, ಮಳೆಯಿಂದ ಯಾರಿಗೂ ನಷ್ಟವಿಲ್ಲ.

ಬ್ಯಾಗಿನ ವಿಷಯಕ್ಕೆ ಬರುತ್ತೇನೆ. ನಾನು ಮನೆ ಬಿಟ್ಟು ಹರಿಹರಕ್ಕೆ ಬಂದದ್ದನ್ನು ಕಥೆಯಲ್ಲಿ ಮುಚ್ಚಿಟ್ಟು, ನಾಲ್ಕು ದಿನ ತವರಿಗೆ ಹೋಗಿಬಂದ ಹಾಗೆ ಮಾಡಿದ್ದೀ. ಹೊರಡುವಾಗ ಗಂಡ ಮಾತಿಲ್ಲದೆ ಅವಳ ಬ್ಯಾಗ್ ಎತ್ತಿಕೊಳ್ಳುತ್ತಾನೆ. 'ಹೇಳಲಾಗದ ಭಾರವನ್ನೆಲ್ಲ ಅವನು ಆ ಬ್ಯಾಗಿನ ಜೊತೆ ತನ್ನ ಹೆಗಲಿಗೆ ಹಾಕಿಕೊಂಡ.' ಓದಲು ಎಷ್ಟು ಚೆಂದ! ನಡೆದದ್ದು ಏನು? ನನ್ನ ತಾಯಿ ತೀರಿಕೊಂಡು ತಿಂಗಳಾದರೂ 'ಹೆಂಗಿದೀಯ' ಎಂದು ಒಂದು ಮಾತು ಕೇಳದ ಗಂಡನ ಎದುರು ನಿಂತು ನಾನು ಕೇಳಿದೆ: "ಹೋಗ್ಲೋ ಬ್ಯಾಡೋ? ಒಂದ್ ಮಾತು ಬಾಯಿ ಬಿಟ್ಟು ಹೇಳ್ರಿ. ಬ್ಯಾಡ ಅಂದ್ರೆ ಈ ಬ್ಯಾಗ್ ಇಲ್ಲೇ ಇಡ್ತೀನಿ." ಅವರು ಪೇಪರ್ ಮಡಿಚಿಟ್ಟು ಎದ್ದು, ಬ್ಯಾಗ್ ಎತ್ತಿಕೊಂಡು ಹೋಗಿ ಆಟೋದಲ್ಲಿಟ್ಟರು. "ಬಸ್ ಸ್ಟ್ಯಾಂಡಿಗೆ ಬಿಡಪ್ಪ" ಎಂದರು. ಆಟೋದವನಿಗೆ ಹೇಳಲು ಬಾಯಿ ಇತ್ತು! ಹೆಂಡತಿಯ ಬ್ಯಾಗ್ ಎತ್ತಿ ಆಟೋದಲ್ಲಿಡುವ ಗಂಡ ಅವಳನ್ನು ಕಳಿಸುತ್ತಿದ್ದಾನೆ, ಅಷ್ಟೇ. ಅದಕ್ಕೆ ಬೇರೆ ಅರ್ಥ ಹುಡುಕಿದ್ದು ನೀನು. ನಾನೂ ಬಸ್ಸಿನಲ್ಲಿ ಕೂತು ಹರಿಹರದ ಬಸ್ ಸ್ಟ್ಯಾಂಡ್ ಬರುವ ತನಕ ಹುಡುಕಿದೆ, ಸಿಗಲಿಲ್ಲ.

ಈಗ ಕೊನೆಯ ಪುಟ.

ನಿನ್ನಪ್ಪನ ಕಾಲದ ಮಂಡಿಪೇಟೆಯಲ್ಲಿ ದರ ಕೂಗಿ ಹೇಳುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ ಕೆಳಗೆ ಕೈ ಕೂಡಿಸಿ, ಬೆರಳು ಹಿಡಿದು ಒತ್ತಿ ದರ ಕುದುರಿಸುತ್ತಿದ್ದರು. ಸುತ್ತ ನಿಂತವರಿಗೆ ಟವೆಲ್ ಅಲುಗುವುದು ಕಾಣುತ್ತಿತ್ತೇ ಹೊರತು ಒಳಗಿನ ಮಾತು ಗೊತ್ತಾಗುತ್ತಿರಲಿಲ್ಲ. ಈ ವಿದ್ಯೆಯಲ್ಲಿ ನಿನ್ನಪ್ಪ ಉಜ್ಜನಪ್ಪನವರನ್ನು ಮೀರಿಸುವವರಿಲ್ಲ ಎಂದು ಹೆಸರಿತ್ತು. ನೀನು ಅದನ್ನೇ ಹಿಡಿದೆ. ಲಕ್ವ ಹೊಡೆದು ಮಾತು ನಿಂತ ಗಂಡ ಆಸ್ಪತ್ರೆಯ ಮಂಚದ ಮೇಲೆ, ಟವೆಲ್ಲಿನ ಕೆಳಗೆ ಹೆಂಡತಿಯ ಬೆರಳು ಹಿಡಿದು ಒತ್ತುತ್ತಾನೆ. ಒಂದು ಸಲ, ಮತ್ತೊಂದು ಸಲ. ಅವಳಿಗೆ ಅರ್ಥವಾಗುತ್ತದೆ: 'ಹೋಗಬೇಡ.' ಅವಳೂ ಒತ್ತುತ್ತಾಳೆ: 'ಹೋಗುವುದಿಲ್ಲ.' ಹೊರಗೆ ಮಳೆ. ಕಥೆ ಮುಗಿಯಿತು.

ವಾಣಿ, ನೀನು ಅವತ್ತು ಅಲ್ಲೇ ಇದ್ದೆ. ಫ್ಲಾಸ್ಕ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಅವರು ನನ್ನ ಕೈ ಹಿಡಿದದ್ದು ನಿಜ, ಒತ್ತಿದ್ದೂ ನಿಜ. ಆದರೆ ನಾನು ಕೈ ಕಿತ್ತುಕೊಂಡೆ. ನರ್ಸ್ ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ: "ಬಾಯಿ ಇದ್ದಾಗ ಆಡ್ಲಿಲ್ಲ. ಈಗ ಬೆರಳು ಹಿಡಿದು ಏನ್ ಹೇಳ್ತೀರಿ? ನಂಗೆ ತಿಳಿಯಲ್ಲ ನಿಮ್ ಮಂಡಿ ಭಾಷೆ." ಆಮೇಲೆ ಕಾರಿಡಾರಿಗೆ ಹೋಗಿ ಗೋಡೆಗೊರಗಿ ನಿಂತೆ. ನೀನು ಬಂದು ನನ್ನ ಬೆನ್ನು ಸವರಿದೆ. ಇಷ್ಟೂ ನಿನಗೆ ಗೊತ್ತು. ಗೊತ್ತಿದ್ದೂ 'ಹೋಗುವುದಿಲ್ಲ' ಎಂದು ಬರೆದೆ.

ನಾನು ಅವರ ದಿನಕರ್ಮ ಮುಗಿದ ಮೇಲೆ ಅಂಗಡಿ ಪಕ್ಕದ ಬಂಗಾರಪ್ಪನವರನ್ನು ಕೇಳಿದ್ದೆ. ಮೂವತ್ತು ವರ್ಷ ಟವೆಲ್ ಕೆಳಗೆ ನಿನ್ನಪ್ಪನ ಕೈ ಹಿಡಿದವರು ಅವರು. ಇಂಥ ಬೆರಳು ಹಿಡಿದು ಹೀಗೆ ಒತ್ತಿದರು, ಏನು ಹೇಳಿರಬಹುದು ಎಂದೆ. "ಅಕ್ಕಾರೆ, ಸುಳ್ಳು ಹೇಳಾಕೆ ಮನಸ್ಸು ಬರವಲ್ದು. ಟವೆಲ್ ಕೆಳಗೆ ದರ ಬಿಟ್ರೆ ಬ್ಯಾರೆ ಮಾತಿಲ್ರಿ. ನೂರಕ್ಕೆ ಒಂದು ಬೆರಳು ಐತೆ, ಹತ್ತಕ್ಕೆ ಒಂದು ಐತೆ. ತಪ್ಪಾತು ಅನ್ನಾಕೆ ಇಲ್ಲ, ಇರು ಅನ್ನಾಕೂ ಇಲ್ಲ" ಎಂದರು. ಕಾಯಿಲೆಯವರ ಕೈ ತಾನೇ ತಾನಾಗಿ ಬಿಗಿಯುವುದೂ ಉಂಟಂತೆ, ಡಾಕ್ಟರು ಹೇಳಿದರು. ಅವರು ಏನು ಹೇಳಿದರೋ, ಏನಾದರೂ ಹೇಳಿದರೋ ಇಲ್ಲವೋ, ನನಗೆ ಗೊತ್ತಿಲ್ಲ. ಸಾಯುವ ತನಕ ಗೊತ್ತಾಗುವುದೂ ಇಲ್ಲ. ಇದು ನನ್ನ ಪಾಲಿಗೆ ಉಳಿದದ್ದು. ಅವರ ಮೇಲೆ ನನಗೆ ಪ್ರೀತಿ ಇತ್ತು, ಅದಕ್ಕೇ ಇಷ್ಟು ಸಿಟ್ಟು ಇತ್ತು. ಪ್ರೀತಿ ಇಲ್ಲದವರು ಒಂದು ಮಾತಿಗಾಗಿ ಅಷ್ಟು ವರ್ಷ ಕಾಯುತ್ತಾರೆಯೇ? ಆ ಮಾತನ್ನು ಅವರು ಆಡಲಿಲ್ಲ, ನೀನು ಅವರ ಪರವಾಗಿ ಆಡಿಬಿಟ್ಟೆ. ಈಗ ಊರೆಲ್ಲ ಅದನ್ನೇ ನಂಬಿದೆ.

ನಿನ್ನ ಸುಧಾ ಅತ್ತೆ ಬಂದಿದ್ದಳು. ವಿಶೇಷಾಂಕವನ್ನು ಪೂಜೆಯ ಪುಸ್ತಕದ ಹಾಗೆ ಎದೆಗೊತ್ತಿಕೊಂಡು ಬಂದಳು. "ಅತ್ತಿಗೆ, ನಮ್ಮಣ್ಣ ಕೊನೀಗಾದ್ರೂ ಹೇಳಿದ್ನಲ್ರಿ. ನೀವು ಪುಣ್ಯವಂತ್ರು" ಎಂದು ನನ್ನ ಕೈ ಹಿಡಿದು ಅತ್ತಳು. ನಾನು ಏನು ಹೇಳಲಿ? ಇಲ್ಲಮ್ಮ, ನಾನು ಕೈ ಕಿತ್ತುಕೊಂಡೆ ಎನ್ನಲೇ? ಹೇಳಿಯೂ ನೋಡಿದೆ. "ಬಿಡ್ರಿ, ನೀವು ದುಃಖದಾಗೆ ಹಿಂಗಂತೀರಿ. ವಾಣಿ ಬರೆದದ್ದು ಸುಳ್ಳಾಗತೈತಾ?" ಎಂದಳು. ನನ್ನ ಬಾಯಿಂದ ಬಂದದ್ದು ಸುಳ್ಳು, ನಿನ್ನ ಅಚ್ಚಿನಲ್ಲಿ ಬಂದದ್ದು ಸತ್ಯ.

ಇಷ್ಟೇ ಆಗಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆ. ಈ ಪತ್ರ ಬರೆಸಿದ್ದು ಆಶಾರಾಣಿ.

ನನ್ನ ಹೊಲಿಗೆ ಕ್ಲಾಸಿನ ಹುಡುಗಿ. ಕುಕ್ಕುವಾಡದವಳು, ಕೊಂಡಜ್ಜಿಗೆ ಕೊಟ್ಟಿದ್ದಾರೆ. ನೀನು ಬಂದಾಗ ನಿನ್ನ ಬ್ಲೌಸಿನ ಕುತ್ತಿಗೆ ಸರಿಮಾಡಿಕೊಟ್ಟಿದ್ದಳಲ್ಲ, ಅವಳೇ. ಗಂಡ ಹನುಮೇಶ ಟೆಂಪೋ ಓಡಿಸುತ್ತಾನೆ. ಹೊಡೆಯುವುದಿಲ್ಲ, ಕುಡಿಯುವುದಿಲ್ಲ, ಒಳ್ಳೆಯ ಹುಡುಗ ಎಂದೇ ಎಲ್ಲರೂ ಹೇಳುವುದು. ಆದರೆ ಅವಳು ಹೊಲಿಗೆ ಕಲಿಯಲು ಹೊರಟಂದಿನಿಂದ ಅವಳ ಜೊತೆ ಮಾತು ಬಿಟ್ಟಿದ್ದಾನೆ. ಏನಾದರೂ ಬೇಕಿದ್ದರೆ ತಾಯಿಗೆ ಹೇಳುತ್ತಾನೆ, ತಾಯಿ ಇವಳಿಗೆ ಹೇಳುತ್ತಾಳೆ. ಒಂದೇ ಮನೆಯಲ್ಲಿ, ಒಂದೇ ಕೋಣೆಯಲ್ಲಿ ಹೀಗೆ ಆರೇಳು ತಿಂಗಳು. "ಬೈದ್ರೂ ಚಲೋ ಇತ್ರಿ ಅಮ್ಮಾರೆ, ನಾ ಅಲ್ಲಿ ಅದೀನೋ ಇಲ್ವೋ ಅಂತ ನಂಗೇ ಅನುಮಾನ ಬರತೈತಿ" ಎಂದಿದ್ದಳು. ದಸರಾ ಮುಗಿದ ಮೇಲೆ ಹೊರಟು ಬಂದು ನನ್ನ ಜೊತೆಗೇ ಇದ್ದಳು. ಗೃಹಲಕ್ಷ್ಮಿ ದುಡ್ಡು ಕೂಡಿಟ್ಟು ಕೊಂಡಿದ್ದ ಮಿಷಿನ್ನನ್ನೂ ತಂದಿದ್ದಳು. ಆ ಒಂದು ತಿಂಗಳಲ್ಲಿ ಅವಳು ಹೇಗೆ ಚಿಗುರಿದಳು ಎನ್ನುತ್ತೀ! ಇಡೀ ದಿನ ವಟವಟ. ಕ್ಲಾಸಿನ ಇನ್ನೊಬ್ಬ ಹುಡುಗಿ ರಶೀದಾಳ ಜೊತೆ ಸೇರಿ ಮದುವೆ ಆರ್ಡರ್ ಹಿಡಿದಳು. ಇಬ್ಬರೂ ಮುಂದೆ ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಅಂಗಡಿ ಹಾಕುವ ಮಾತಾಡುತ್ತಿದ್ದರು.

ಆಗ ಬಂತು ನಿನ್ನ ಕಥೆ. ನಮ್ಮ ಮೇಡಂ ಮಗಳು ಬರೆದದ್ದು ಎಂದು ಹುಡುಗಿಯರೆಲ್ಲ ಸೇರಿ ಓದಿದರು. ಆಶಾರಾಣಿ ಒಬ್ಬಳೇ ಮತ್ತೆ ಮತ್ತೆ ಓದಿದಳು. ಕೊನೆಯ ಪುಟವನ್ನು ಮಡಿಚಿಟ್ಟುಕೊಂಡಳು. ಎರಡು ದಿನ ಬಿಟ್ಟು ಶುರುಮಾಡಿದಳು. ಹನುಮೇಶ ಬೆಳಿಗ್ಗೆ ಎದ್ದು ಅವಳ ಚಪ್ಪಲಿಯನ್ನು ನೆರಳಿಗೆ ಸರಿಸಿಡುತ್ತಿದ್ದನಂತೆ, ಅದರಲ್ಲಿ ಏನೋ ಇರಬೇಕಂತೆ. ಟೆಂಪೋದ ಮುಂದೆ ಅವಳು ಕಟ್ಟಿದ್ದ ನಿಂಬೆಹಣ್ಣನ್ನು ಇನ್ನೂ ಬಿಚ್ಚಿಲ್ಲವಂತೆ. "ಕೆಲವ್ರಿಗೆ ಬಾಯಾಗೆ ಹೇಳಾಕೆ ಬರಲ್ರಿ ಅಮ್ಮಾರೆ. ನಾವೇ ತಿಳ್ಕೊಬೇಕು. ವಾಣಿ ಅಕ್ಕ ಎಷ್ಟು ಚಲೋ ಬರೆದಾರೆ." ನಾನು ಬೈದೆ. ಚಪ್ಪಲಿ ಸರಿಸಿದ್ದು ಕಾಲಿಗೆ ಅಡ್ಡ ಬಂತು ಅಂತ ಇರಬಹುದು ಕಣೇ ಎಂದೆ. ಕಥೆಯ ಕೊನೆ ಹಾಗಲ್ಲ, ಆಸ್ಪತ್ರೆಯಲ್ಲಿ ಹೀಗೆ ಹೀಗೆ ನಡೆಯಿತು ಎಂದು ಎಲ್ಲ ಹೇಳಿದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು. "ನಿಮಗ ಆವಾಗ ತಿಳೀಲಿಲ್ರಿ. ಅಕ್ಕಗ ತಿಳೀತು" ಎಂದಳು!

ಹೋದ ಗುರುವಾರ ಹನುಮೇಶ ಬಂದ. ನನಗೆ ಒಂದು ನಮಸ್ಕಾರ ಹಾಕಿದ. ಅವಳ ಕಡೆ ನೋಡಲಿಲ್ಲ, 'ಬಾ' ಎನ್ನಲಿಲ್ಲ. ನೇರ ಒಳಗೆ ಹೋಗಿ ಮಿಷಿನ್ ಎತ್ತಿ ಟೆಂಪೋಗೆ ಹಾಕಿದ. ಆ ಹುಡುಗಿಯ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. "ನೋಡಿದ್ರಾ, ತಾನೇ ಹೊತ್ಕೊಂಡ್ರು. ಕಥೆಯಾಗೆ ಬ್ಯಾಗ್ ಎತ್ತಿದಂಗೆ" ಎಂದು ನನ್ನ ಕಿವಿಯಲ್ಲಿ ಹೇಳಿ ಓಡಿಹೋಗಿ ಮುಂದಿನ ಸೀಟಿನಲ್ಲಿ ಕೂತಳು. ನಾನು ಟೆಂಪೋ ಕಿಟಕಿ ಹಿಡಿದುಕೊಂಡು ಅವನನ್ನೇ ಕೇಳಿದೆ: "ಏನಪ್ಪಾ, ಇವಳ ಜೊತೆ ಮಾತಾಡ್ತೀಯೋ ಇಲ್ಲೋ? ಹೊಲಿಗೆ ಮಾಡಾಕೆ ಬಿಡ್ತೀಯೋ ಇಲ್ಲೋ?" ಅವನು ಗಾಡಿ ಸ್ಟಾರ್ಟ್ ಮಾಡಿದ. ಇವಳೇ ಅವನ ಪರವಾಗಿ ನಕ್ಕು, "ಬಿಡಿ ಅಮ್ಮಾರೆ" ಎಂದಳು. ಆ ನಗು ನೋಡಿದಂದಿನಿಂದ ನಾನು ಸರಿಯಾಗಿ ಊಟ ಮಾಡಿಲ್ಲ.

ನಿನ್ನ ಕಥಾ ಕಮ್ಮಟಕ್ಕೆ ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದೆ, ನೆನಪಿದೆಯೇ? ಭಾವನೆಯನ್ನು ಹೆಸರು ಹಿಡಿದು ಕರೆಯಬೇಡಿ, ಒಂದು ವಸ್ತುವಿನ ಹಿಂದೆ ನಿಲ್ಲಿಸಿ, ಓದುಗರು ಹುಡುಕಿಕೊಳ್ಳಲಿ ಎಂದು ಮಕ್ಕಳಿಗೆ ಹೇಳಿದೆ. ಹಿಂದಿನ ಬೆಂಚಿನಲ್ಲಿ ಕೂತು ನಾನು ಎಷ್ಟು ಹೆಮ್ಮೆಪಟ್ಟೆ! ಈಗ ಕೇಳುತ್ತೇನೆ. ವಸ್ತುವಿನ ಹಿಂದೆ ಏನೂ ನಿಂತಿರದಿದ್ದರೆ? ಚಪ್ಪಲಿಯ ಹಿಂದೆ ಬರೀ ಚಪ್ಪಲಿಯೇ ಇದ್ದರೆ? ಅದನ್ನೂ ನಿನ್ನ ಮಕ್ಕಳಿಗೆ ಕಲಿಸಬೇಕಲ್ಲವೇ? ನಾನು ಕ್ಲಾಸಿನಲ್ಲಿ ಬ್ಲೌಸಿಗೆ ಒಳಗಿನಿಂದ ಅಸ್ತರು ಕೊಡುವುದನ್ನು ಕಲಿಸುವಾಗ ಮೊದಲು ಹೇಳುವುದು ಒಂದೇ, ಮೇಲಿನ ಬಟ್ಟೆ ಇದ್ದರೆ ಮಾತ್ರ ಅಸ್ತರು. ಸಂಕೇತ, ಧ್ವನಿ, ಮೌನ, ನಿನ್ನ ತಂತ್ರಗಳ ಮೇಲೆಲ್ಲ ನನಗೆ ಸಿಟ್ಟಿಲ್ಲ. ಮೌನದಲ್ಲೇ ಪ್ರೀತಿಸುವ ಗಂಡಸರು ಎಲ್ಲೋ ಇದ್ದಾರು. ಆದರೆ 'ಮಾತು ಬೆಳ್ಳಿ, ಮೌನ ಬಂಗಾರ' ಎಂದು ಹೇಳಿಕೊಂಡು ಹೆಂಡತಿಯನ್ನು ಗೋಡೆಯ ಹಾಗೆ ನೋಡುವವರಿಗೆಲ್ಲ ನೀನು ಪುಗಸಟ್ಟೆ ಹೃದಯ ಹೊಲಿದುಕೊಡುತ್ತಿದ್ದೀ. ಆ ಹುಡುಗಿಯರು ಅದನ್ನು ನಂಬಿ ಬಾಳಬೇಕು.

ನನಗೆ ಹೊಳೆಯುವುದು ಇದು. ನೀನು ಆ ಪುಟವನ್ನು ನನಗಾಗಿಯೂ ಬರೆಯಲಿಲ್ಲ, ನಿನ್ನಪ್ಪನಿಗಾಗಿಯೂ ಬರೆಯಲಿಲ್ಲ. ಅವರು ನಿನ್ನ ಜೊತೆಯೂ ಮಾತಾಡಲಿಲ್ಲವಲ್ಲ, ಆ ಹಸಿವಿಗೆ ಬರೆದುಕೊಂಡೆ. ಅದಕ್ಕೆ ನನಗೆ ಸಂಕಟವಿದೆ ಮಗಳೇ. ಬಾ, ನನ್ನ ಹತ್ತಿರ ಕೂತು ಅಳು, ಇಬ್ಬರೂ ಅವರನ್ನು ಬೈಯೋಣ. ಆದರೆ ಆ ಹಸಿವನ್ನು ಆಶಾರಾಣಿಯ ತಲೆಗೆ ಕಟ್ಟಬೇಡ.

ಹೀಗೆ ಬರೆ: ಅವನು ಬೆರಳು ಒತ್ತಿದ. ಅವಳು ಕೈ ಕಿತ್ತುಕೊಂಡಳು. ಏನು ಹೇಳಿದನೋ ಅವಳಿಗೆ ಗೊತ್ತಾಗಲಿಲ್ಲ, ಅವಳು ಜೋರಾಗಿ ಬೈದಳು. ಇದು ಚೆನ್ನಾಗಿರುವುದಿಲ್ಲ ಎನ್ನುತ್ತೀಯಾ? ನಡೆದಾಗಲೂ ಚೆನ್ನಾಗಿರಲಿಲ್ಲ. ಪ್ರಕಾಶಕರು ಒಪ್ಪದಿದ್ದರೆ ಆ ಕಥೆಯನ್ನೇ ಕಿತ್ತುಹಾಕು, ಉಳಿದ ಹನ್ನೊಂದು ಸಾಕು. ಏನು ಮಾಡುತ್ತೀ ಎಂದು ನನಗೆ ನೇರವಾಗಿ ತಿಳಿಸು. ನಿನ್ನಪ್ಪನ ಹಾಗೆ ಸುಮ್ಮನಿದ್ದುಬಿಡಬೇಡ, ನಿನ್ನ ಸುಮ್ಮನಿರುವಿಕೆಗೆ ಅರ್ಥ ಹಚ್ಚುತ್ತಾ ಕೂರುವ ಶಕ್ತಿ ನನಗಿಲ್ಲ.

ಅಳಿಯಂದಿರಿಗೆ ಕೇಳಿದೆನೆಂದು ಹೇಳು.

ಸಿಟ್ಟು ಇನ್ನೂ ಇಳಿಯದ,
ನಿನ್ನ ಅಮ್ಮ
ಉಮಾಮಹೇಶ್ವರಿ

ತಾ.ಕ.: ಕವರಿಗೆ ಅಂಟು ಹಚ್ಚುತ್ತಿದ್ದಾಗ ಆಶಾರಾಣಿಯ ಫೋನ್ ಬಂತು. ಅವಳು ನೀರಿಗೆ ಹೋಗಿ ಬರುವಷ್ಟರಲ್ಲಿ ಹನುಮೇಶ ಮಿಷಿನ್ನನ್ನು ಯಾರಿಗೋ ಮಾರಿಬಿಟ್ಟಿದ್ದಾನೆ. ಯಾಕೆಂದು ಹೇಳಿಲ್ಲ. ಮಿಷಿನ್ ಇದ್ದ ಜಾಗದಲ್ಲಿ ಒಂದು ಹೊಸ ಸೀರೆ ಇಟ್ಟು ಗಾಡಿ ತೆಗೆದುಕೊಂಡು ಹೋಗಿದ್ದಾನೆ. ಅವಳು ಅಳುತ್ತಿರಲಿಲ್ಲ ವಾಣಿ, ಕೇಳುತ್ತಿದ್ದಳು: "ಅಮ್ಮಾರೆ, ಸೀರೆ ಇಟ್ಟಾರಂದ್ರೆ ಒಳ್ಳೇದಕ್ಕೋ ಕೆಟ್ಟದ್ದಕ್ಕೋ? ವಾಣಿ ಅಕ್ಕನ್ನ ಕೇಳಿ ಹೇಳ್ರಿ. ಅವ್ರಿಗೆ ಇಂಥವೆಲ್ಲ ತಿಳೀತಾವೆ." ಅವಳ ನಂಬರ್ ಈ ಹಾಳೆಯ ಹಿಂದೆ ಬರೆದಿದ್ದೇನೆ, ನೀನೇ ಹೇಳು.